ಮಡಿಸಿದ ಪೆನ್ನಿ

ಸೆಪ್ಟೆಂಬರ್ 9, ಶುಕ್ರವಾರ. ಸಂಜೆ

ಮತ್ತೆ ಅದೇ ಹದಿನಾಲ್ಕೆಕರೆ ಹೊಲ. ಗೋಧಿ ಕೊಯ್ದು ವಾರವಾಯಿತು. ಕೂಳೆ ಇನ್ನೂ ಚೂಪು, ಬೂಟಿನ ಮೇಲೆ ಗೀರುತ್ತದೆ. ಲೋಹ ಹುಡುಕುವ ಡಿಟೆಕ್ಟರ್ ಹಿಡಿದು ಕ್ಲೆಮ್ ಬೇಲಿಯ ಕಡೆಯಿಂದ, ನಾನು ಹಳ್ಳದ ಕಡೆಯಿಂದ. ಒಳ್ಳೆಯದೆಲ್ಲ ಹಳ್ಳದ ಕಡೆಗೇ ಸಿಗುತ್ತದೆ ಎಂದು ಅವನ ಗೊಣಗಾಟ, ಬೇಲಿಯ ಕಡೆ ನೆರಳಿದೆಯಲ್ಲ ಎಂದು ನನ್ನ ಉತ್ತರ. ಮಾಂಸದಂಗಡಿ ಮುಚ್ಚಿದ ಮೇಲೆ ಅವನಿಗೆ ಜಗಳವಾಡಲು ಉಳಿದಿರುವ ಗಿರಾಕಿ ನಾನೊಬ್ಬಳೇ.

ಮಧ್ಯಾಹ್ನದವರೆಗೆ ಸಿಕ್ಕಿದ್ದು — ಒಂದು ಸೀಸದ ಗುಂಡು, ಕೋಟಿನ ಗುಂಡಿ ಎರಡು, ಟ್ರ್ಯಾಕ್ಟರಿನ ಯಾವುದೋ ಬೋಲ್ಟು. ಬೇಲಿಯ ನೆರಳಿಗೆ ಹೋಗಿ ಚೀಸ್ ಸ್ಯಾಂಡ್‌ವಿಚ್ ತಿಂದೆ. ಹಳ್ಳದ ಕಡೆಗೆ ಮರಳಿ ಮೊದಲ ಹೆಜ್ಜೆ ಇಟ್ಟಲ್ಲೇ ಡಿಟೆಕ್ಟರ್ ಕೂಗಿತು. ಸಣ್ಣ, ತೆಳು ದನಿ. ಬೆಳ್ಳಿ ಹಾಗೆಯೇ ಕೂಗುವುದು. ಮಗು ನಿದ್ದೆಯಲ್ಲಿ ಕುಂಯ್ ಎಂದ ಹಾಗೆ.

ಗೇಣುದ್ದ ಆಳ. ಮಣ್ಣುಂಡೆ ಒಡೆದರೆ ಅರ್ಧಚಂದ್ರ. ಚಿಲ್ಲರೆಗೆಂದು ಕತ್ತರಿಸಿದ ಬೆಳ್ಳಿ ನಾಣ್ಯ, ಅರ್ಧ ಪೆನ್ನಿ ಎಂದುಕೊಂಡೆ. ಅಲ್ಲ. ಮಡಿಸಿದ್ದು. ಹೊರಮೈಯಲ್ಲಿ ರಾಜನ ಅರ್ಧ ಮುಖ — ಒಂದು ಕಣ್ಣು, ಒಂದು ಕಡೆಯ ಗುಂಗುರು ಕೂದಲು. ಮೊದಲನೆಯ ಎಡ್ವರ್ಡ್. ಏಳುನೂರು ವರ್ಷ ಮಣ್ಣಲ್ಲಿದ್ದು ಬಂದವನು ಒಂಟಿ ಕಣ್ಣಿನಲ್ಲಿ ನನ್ನನ್ನು ನೋಡಿದ.

ನೇಗಿಲಿನ ಕೆಲಸವಲ್ಲ ಇದು. ನೇಗಿಲು ಸುಕ್ಕು ಮಾಡುತ್ತದೆ, ಹರಿಯುತ್ತದೆ, ಅಂಚಿಗೆ ಅಂಚು ಕೂಡಿಸುವುದಿಲ್ಲ. ಮನುಷ್ಯರ ಕೈ ಮಡಿಸಿದ್ದು. ಹರಕೆಯ ಪೆನ್ನಿ. ಮನೆಯಲ್ಲಿ ಯಾರಿಗೋ ಕಾಯಿಲೆ ಬಿದ್ದಿದೆ. ಅವರ ತಲೆಯ ಮೇಲೆ ಪೆನ್ನಿ ಹಿಡಿದು, ಸಂತನ ಹೆಸರು ಹೇಳಿ, ಬಾಗಿಸಿಬಿಡುತ್ತಿದ್ದರು. ಬಾಗಿದ ಮೇಲೆ ಅದು ಬ್ರೆಡ್ಡಿಗೂ ಇಲ್ಲ, ಬಿಯರಿಗೂ ಇಲ್ಲ. ಮುಡಿಪು. ಬೆರಿ ಪಟ್ಟಣಕ್ಕೆ ನಡೆದು ಹೋಗಿ ಎಡ್ಮಂಡ್ ಸಂತನ ಸಮಾಧಿಯ ಮುಂದೆ ಇಟ್ಟರೆ ಹರಕೆ ತೀರಿತು. ಬೆರಿಗೆ ಹೋಗುವ ಹಳೆಯ ದಾರಿ ಈ ಹಳ್ಳದ ಪಕ್ಕದಲ್ಲೇ ಇತ್ತು. ಚೀಲ ತೂತಾಗಿತ್ತೋ, ನೀರು ದಾಟುವಾಗ ಜಾರಿತೋ... ಹೊರಟದ್ದು ತಲುಪಲಿಲ್ಲ.

ಪಾಪ, ಎಷ್ಟು ಹುಡುಕಿದರೋ.

ವಾಪಸು ಬರುವಾಗ ಫಿಸ್ಕ್ ಮನೆಯ ಬಾಗಿಲು ತಟ್ಟಿದೆ. ಹೊಲ ರೋಲಂಡ್ ಫಿಸ್ಕ್ ಅವರದು. ಮನೆಯಲ್ಲಿ ಯಾರೂ ಇಲ್ಲ. ಕಾರೂ ಇಲ್ಲ. ಸುಗ್ಗಿ ಮುಗಿದ ವಾರದಲ್ಲಿ ರೈತ ಎಲ್ಲಿಗೆ ಹೋಗುತ್ತಾನೆ?

ಸೆಪ್ಟೆಂಬರ್ 10, ಬೆಳಿಗ್ಗೆ

ಚಹಾ ಕುದಿಯುವ ಮೊದಲೇ ಭೂತಗನ್ನಡಿ ಹಿಡಿದು ಕೂತೆ. ಮಡಿಕೆಯ ಬಾಯಿ ಕೂದಲೆಳೆಯಷ್ಟು ತೆರೆದಿದೆ. ಟಾರ್ಚು ಓರೆ ಹಿಡಿದರೆ ಒಳಗಿನ ಅಂಚಿನಲ್ಲಿ ಒಂದೇ ಒಂದು ಪದ — ಲ್ಯಾಟಿನ್ನಿನಲ್ಲಿ ‘ಪಟ್ಟಣ’ ಎಂದು. ಅದರ ಮುಂದೆ ಊರಿನ ಹೆಸರು ಇರಬೇಕು. ಅದು ಮಡಿಕೆಯ ಹೊಟ್ಟೆಯಲ್ಲಿದೆ.

ಆಗ ಒಂದೊಂದು ಊರಿನ ಟಂಕಸಾಲೆಯೂ ತನ್ನ ಹೆಸರನ್ನು ಪೆನ್ನಿಯ ಬೆನ್ನಿಗೆ ಸುತ್ತಿಗೆಯಿಂದ ಹೊಡೆದು ಕಳಿಸುತ್ತಿತ್ತು. ಲಂಡನ್, ಯಾರ್ಕ್ ಎಲ್ಲ ‘ನಗರ’. ಚಿಕ್ಕವು ‘ಪಟ್ಟಣ’. ಅಂಥವು ನಾಲ್ಕಾರು ಮಾತ್ರ. ಈ ರಾಜನ ಕಾಲದ ಎಲ್ಲ ಟಂಕಸಾಲೆಗಳ ಪೆನ್ನಿಗಳೂ ನನ್ನ ನಾಣ್ಯದ ಟ್ರೇಯಲ್ಲಿವೆ. ಊರೂರಿಗೆ ಲೈಬ್ರರಿ ವ್ಯಾನು ಓಡಿಸುತ್ತಿದ್ದ ಕಾಲದಿಂದ ಕೂಡಿಸಿದ್ದು. ಹೊಲದಲ್ಲಿ ಸಿಕ್ಕಿದ್ದು ಕೆಲವು, ನಾಣ್ಯಸಂತೆಯಲ್ಲಿ ಕೊಂಡದ್ದು ಕೆಲವು. ರೆಡಿಂಗ್ ಒಂದಿಲ್ಲ. ಅದು ಪಟ್ಟಣ. ಒಮ್ಮೆ ಹರಾಜಿಗೆ ಬಂದಿತ್ತು. ನನ್ನ ಪಿಂಚಣಿ ದೂರದಿಂದಲೇ ಕೈಮುಗಿದು ವಾಪಸು ಬಂತು.

ಉಳಿದ ಗೂಡುಗಳಲ್ಲಿ ಬಟ್ಟೆ ಮಾಸಿದೆ. ರೆಡಿಂಗಿನ ಗೂಡಿನಲ್ಲಿ ಮಾತ್ರ ಇನ್ನೂ ಹಸಿರು.

ಸೆಪ್ಟೆಂಬರ್ 11, ಭಾನುವಾರ

ಕ್ಲೆಮ್ ಬಂದಿದ್ದ. ಬೇಕನ್ ಹುರಿದೆ. ಪೆನ್ನಿ ತೋರಿಸಿದೆ. ಹರಕೆಯ ಪೆನ್ನಿಯನ್ನು ಬಿಚ್ಚಬಾರದು ಎಂದು ನಮ್ಮ ಡಿಟೆಕ್ಟರ್ ಕ್ಲಬ್ಬಿನ ಅರ್ಧ ಜನ ಹೇಳುತ್ತಾರೆ. ಉಳಿದರ್ಧವೂ ಹಾಗೆಯೇ ಹೇಳಿ, ಮನೆಗೆ ಹೋಗಿ ಬಿಚ್ಚುತ್ತಾರೆ. ಕ್ಲೆಮ್ ಎರಡನೆಯ ಗುಂಪು. ಒಂದು ಸಲ ಇಕ್ಕಳ ಹಾಕಿ ಎರಡು ಹೋಳು ಮಾಡಿಕೊಂಡ. ಆ ಟಿಕ್ ಎಂಬ ಸದ್ದು ಈಗಲೂ ಕೇಳುತ್ತದಂತೆ.

“ಬೆರಿ ದಾರೀಲಿ ಬಿದ್ದಿದ್ದು ಬೆರಿ ಪೆನ್ನೀನೇ ಆಗಿರುತ್ತೆ, ಹುಡುಗಿ. ನಿನ್ನ ಹತ್ರ ಆಗ್ಲೇ ಇದೆಯಲ್ಲ. ಬಿಟ್ಹಾಕು.”

ನನಗೆ ಅರವತ್ತಾರು. ಅವನಿಗೆ ನಾನು ಸಾಯುವವರೆಗೂ ಹುಡುಗಿ.

ರೆಡಿಂಗ್ ಆಗಿದ್ದರೆ ಎಂದೆ.

“ಆಗಿದ್ರೆ ನೀನು ಬಿಚ್ದೆ ಇರ್ತೀಯಾ? ಮತ್ತೆ ನನ್ನನ್ಯಾಕೆ ಕೇಳ್ತೀಯ?”

ಮೈಕಲ್ಮಸ್ ಹಬ್ಬ ಆಗುವವರೆಗೆ ಮುಟ್ಟುವಂತಿಲ್ಲ ಎಂದು ನಾನೇ ಹೇಳಿದೆ. ಅದು ನಮ್ಮಲ್ಲಿರುವ ಮಾತು. ಸಿಕ್ಕಿದ್ದರಲ್ಲಿ ಅರ್ಧ ಹೊಲದವರದು. ಸೆಪ್ಟೆಂಬರ್ ಕೊನೆಗೆ, ಮೈಕಲ್ಮಸ್ ದಿನ, ವರ್ಷವೆಲ್ಲ ಸಿಕ್ಕಿದ್ದನ್ನು ಫಿಸ್ಕ್ ಮನೆಯ ಅಡಿಗೆಮನೆ ಮೇಜಿನ ಮೇಲೆ ಹರಡುತ್ತೇವೆ. ರೋಲಂಡ್ ಅವರ ಹೆಂಡತಿ ಥರ್ಜಾ ಮೊದಲು ಒಂದು ಆರಿಸುತ್ತಾಳೆ, ಆಮೇಲೆ ನಾವೊಂದು, ಮತ್ತೆ ಅವಳೊಂದು. ಅಲ್ಲಿಯವರೆಗೆ ನೀರಲ್ಲಿ ತೊಳೆಯಬಹುದು, ಅಷ್ಟೇ. ಉಜ್ಜುವುದಿಲ್ಲ, ತಿದ್ದುವುದಿಲ್ಲ. ಬರೆದಿಟ್ಟ ಕಾಯಿದೆಯಲ್ಲ. ಕೈ ಕುಲುಕಿದ್ದು. ಥರ್ಜಾ ಯಾವಾಗಲೂ ಗುಂಡಿಗಳನ್ನೇ ಆರಿಸುವುದು. ನಾಣ್ಯದಲ್ಲಿ ಹೊಲಿಯಲು ತೂತಿಲ್ಲ, ಅದು ಯಾವ ಕೆಲಸಕ್ಕೆ ಎನ್ನುತ್ತಾಳೆ.

ಅವಳಿಗೆ ಮೈ ಸರಿ ಇಲ್ಲ ಎಂದು ಅಂಚೆ ಕಚೇರಿಯಲ್ಲಿ ಮಾತಂತೆ. ಚರ್ಚಿನಲ್ಲಿ ಹೂ ಜೋಡಿಸುವ ಸರದಿಗೂ ಬಂದಿಲ್ಲ ಎಂದ ಕ್ಲೆಮ್. ನೆಗಡಿ ಇರಬೇಕು. ಸುಗ್ಗಿಯ ಧೂಳು ಅವಳಿಗೆ ಆಗುವುದಿಲ್ಲ.

ಸೆಪ್ಟೆಂಬರ್ 14

ಮೇವಿನ ಅಂಗಡಿಯಲ್ಲಿ ರೋಲಂಡ್ ಸಿಕ್ಕರು. ಗಡ್ಡ ಬಿಟ್ಟಿದ್ದಾರೆ. ಕೋಳಿಯ ಕಾಳಿನ ಚೀಲ ಹೆಗಲಲ್ಲಿತ್ತು, ಇಳಿಸಲಿಲ್ಲ. ಇಳಿಸಿದರೆ ಮಾತಿಗೆ ನಿಲ್ಲಬೇಕಾಗುತ್ತದಲ್ಲ. ಥರ್ಜಾ ಹೇಗಿದ್ದಾಳೆ ಎಂದೆ. ಪರವಾಗಿಲ್ಲ ಎಂದರು. ಹೊಲದಲ್ಲಿ ಮಡಿಸಿದ ಪೆನ್ನಿ ಸಿಕ್ಕಿತು ಎಂದೆ. ಬೇರೆ ದಿನವಾಗಿದ್ದರೆ “ಹಾಂ” ಎಂದು ಹೊರಟುಬಿಡುವವರು. ಇವತ್ತು ನಿಂತರು. ಯಾಕೆ ಮಡಿಸುತ್ತಿದ್ದರು ಎಂದು ಕೇಳಿದರು. ಹೇಳಿದೆ — ಕಾಯಿಲೆಯವರ ತಲೆ, ಸಂತನ ಹೆಸರು, ನಡೆದು ಹೋಗುವುದು. ಇದು ದಾರಿಯಲ್ಲೇ ಬಿದ್ದು ಹೋಯಿತು ನೋಡಿ ಎಂದೆ.

“ಹಾಗಾದ್ರೆ ಅದು ತಲುಪೇ ಇಲ್ಲ.”

“ಇಲ್ಲ.”

“ಮೈಕಲ್ಮಸ್‌ಗೆ ತನ್ನಿ,” ಎಂದರು. ಸ್ವಲ್ಪ ತಡೆದು, “ಅದನ್ನ ಮರೀಬೇಡಿ.”

ಹತ್ತೊಂಬತ್ತು ವರ್ಷದಿಂದ ಅವರ ಹೊಲ ತುಳಿಯುತ್ತಿದ್ದೇನೆ. ಪೆನ್ನಿಯ ಬಗ್ಗೆ ಒಂದು ಮಾತು ಕೇಳಿದವರಲ್ಲ. ಅದರ ಬೆಲೆ ಯಾರಾದರೂ ಹೇಳಿದರೋ ಏನೋ.

ಸೆಪ್ಟೆಂಬರ್ 19, ಸೋಮವಾರ. ಬೆಳಿಗ್ಗೆ 10

ಐದು ದಿನದಿಂದ ಮನಸ್ಸು ಅದರ ಸುತ್ತ ಸುತ್ತುತ್ತಿದೆ, ಬೆಕ್ಕು ಮೀನಿನ ಪಾತ್ರೆ ಸುತ್ತುವ ಹಾಗೆ. ಥರ್ಜಾ ಗುಂಡಿಯನ್ನೇ ಆರಿಸುವವಳು. ರೋಲಂಡ್ ಕೇಳಿದರು ನಿಜ. ಆದರೆ ಏನೆಂದು ಗೊತ್ತಿಲ್ಲದೆ ಅವರು ಆರಿಸಿಕೊಂಡು ಕಿಟಕಿ ದಂಡೆಯ ಮೇಲೆ ಮೊಳೆಯ ಡಬ್ಬಿಯಲ್ಲಿ ಇಟ್ಟುಬಿಟ್ಟರೆ? ಒಳಗೆ ಏನಿದೆ ಎಂದು ಹೇಳುವುದು ಅವರಿಗೂ ಉಪಕಾರವೇ.

ಇಷ್ಟು ಬರೆದು ಮತ್ತೆ ಓದಿದೆ. ವಕೀಲಳಾಗಬೇಕಿತ್ತು ನಾನು.

10.30

ಒಲೆಯ ಬಿಸಿ ತಟ್ಟೆಯ ಮೇಲೆ ಚರ್ಮದ ತುಂಡಿಟ್ಟು ಅದರ ಮೇಲೆ ಪೆನ್ನಿ. ಮರದ ಪುಟ್ಟ ಬೆಣೆಗಳು — ಬೆಂಕಿಕಡ್ಡಿಯಷ್ಟು, ಆಮೇಲೆ ಸ್ವಲ್ಪ ದಪ್ಪ, ಇನ್ನೂ ಸ್ವಲ್ಪ. ಕಬ್ಬಿಣ ಹತ್ತಿರ ಬರಕೂಡದು. ಕಾಯಿಸು, ಬೆಣೆ ತೂರಿಸು, ಬಿಡು, ತಣಿಯಲಿ. ಮತ್ತೆ ಕಾಯಿಸು. ಆತುರಪಟ್ಟವನಿಗೆ ಎರಡು ಹೋಳು.

11.20

‘ಪಟ್ಟಣ’ ಪೂರ್ತಿ ಹೊರಗೆ ಬಂತು. ಮುಂದೊಂದು ಅಕ್ಷರದ ಕಾಲು. ಬೆಣೆ ಎರಡು ಸಲ ಜಾರಿತು. ಕಾಫಿ ಕುಡಿದದ್ದು ತಪ್ಪಾಯಿತು.

12.05

ರೆಡಿಂಗ್.

ಮಧ್ಯಾಹ್ನ

ಕ್ಲೆಮ್‌ಗೆ ಫೋನು ಮಾಡಿದೆ. ಓಡಿ ಬಂದ. ನೋಡಿದ. ಟೋಪಿ ತೆಗೆದ — ಅವನು ಹೆಂಡತಿಯ ಮಣ್ಣಿನ ದಿನವೂ ಮಳೆ ಎಂದು ಟೋಪಿ ತೆಗೆದವನಲ್ಲ. ಮಡಿಕೆಯ ಜಾಗದಲ್ಲಿ ಒಂದು ಗೆರೆ ಉಳಿದಿದೆ, ಅಂಗೈಯ ರೇಖೆಯ ಹಾಗೆ. ಬಿರುಕಿಲ್ಲ. ರಾಜನಿಗೆ ಎರಡನೆಯ ಕಣ್ಣೂ ಬಂತು. ಗೂಡಿನಲ್ಲಿ ಇಟ್ಟೆ. ಹಸಿರು ಮುಚ್ಚಿತು.

ಟ್ರೇ ಮುಂದೆ ಇಬ್ಬರೂ ಕೂತೆವು. ಮಾಡಲು ಇನ್ನೇನೂ ಇಲ್ಲವಲ್ಲ ಎಂದು ಕ್ಲೆಮ್‌ಗೆ ಕೊನೆಗೆ ಗಾಬರಿಯಾಯಿತು.

ಸೆಪ್ಟೆಂಬರ್ 29, ಗುರುವಾರ. ಮೈಕಲ್ಮಸ್

ಎಲ್ಲಿಂದ ಬರೆಯಲಿ.

ಮೂರು ಗಂಟೆಗೆ ಹೋದೆವು. ಬಾಗಿಲು ತೆಗೆದದ್ದು ರೋಲಂಡ್. ಅಡಿಗೆಮನೆಯಲ್ಲಿ ಒಲೆಯ ಪಕ್ಕದ ಕುರ್ಚಿಯಲ್ಲಿ ಥರ್ಜಾ. ತಲೆಗೆ ಉಣ್ಣೆಯ ಟೋಪಿ. ಹುಬ್ಬಿಲ್ಲ. ನೆಗಡಿಯಲ್ಲ ಅದು. ಜುಲೈಯಿಂದ ವಾರ ವಾರ ಕೇಂಬ್ರಿಜ್ ಆಸ್ಪತ್ರೆಗೆ ಹೋಗುತ್ತಿದ್ದಾರೆ, ಊರಿನಲ್ಲಿ ಒಬ್ಬರಿಗೂ ಹೇಳಿಲ್ಲ.

“ಹೇಳಿದ್ರೆ ಊರೆಲ್ಲ ಕೇಕ್ ಮಾಡ್ಕೊಂಡು ಬರುತ್ತೆ, ಹೆಸ್,” ಎಂದಳು. “ನನಗೆ ತಿನ್ನಕ್ಕಾಗಲ್ಲ. ಇವನು ತಿಂದು ತಿಂದು ಊದ್ಕೋತಾನೆ.”

ಕ್ಲೆಮ್ ಸಿಕ್ಕಿದ್ದನ್ನೆಲ್ಲ ಮೇಜಿನ ಮೇಲೆ ಹರಡಿದ. ಸೀಸದ ಗುಂಡು, ಬಕಲ್, ಗುಂಡಿಗಳು, ನಾಲ್ಕು ಪೆನ್ನಿ. ರೋಲಂಡ್ ನಿಂತೇ ನೋಡಿದರು. ಒಂದೊಂದಾಗಿ ಬೆರಳಲ್ಲಿ ಸರಿಸಿದರು.

“ಮಡಿಸಿದ್ದು ಎಲ್ಲಿ?”

ರೆಡಿಂಗ್ ತೋರಿಸಿದೆ.

“ಇದು ಚಪ್ಪಟೆ ಇದೆ.”

“ಬಿಚ್ಚಿದೆ.”

ಎತ್ತಿಕೊಂಡರು. ಹಿಂದೆ ಮುಂದೆ ತಿರುಗಿಸಿದರು. ಎಲ್ಲಿತ್ತೋ ಅಲ್ಲೇ ಇಟ್ಟರು. “ಸರಿ. ಕೋಳಿ ಕೂಡಿ ಬರ್ತೀನಿ,” ಎಂದು ಹೊರಗೆ ಹೋದರು. ಇನ್ನೂ ಮಧ್ಯಾಹ್ನದ ಬಿಸಿಲು. ಯಾವ ಕೋಳಿ ಆ ಹೊತ್ತಿಗೆ ಗೂಡು ಸೇರುತ್ತದೆ?

ಥರ್ಜಾ ಹೇಳಿದಳು. ಮದುವೆಯಾದ ಮೇಲೆ ಚರ್ಚಿನ ಹೊಸಲು ತುಳಿಯದ ಗಂಡಸು. ಎರಡು ವಾರದಿಂದ ಆಸ್ಪತ್ರೆಯ ದಾರಿಯುದ್ದಕ್ಕೂ ಅದೇ ಪೆನ್ನಿಯ ಮಾತಂತೆ. ನವೆಂಬರ್ ಇಪ್ಪತ್ತೊಂದಕ್ಕೆ ಅವಳ ಆಪರೇಷನ್. ಅದಕ್ಕೆ ಮೊದಲು ಅದನ್ನು ಬೆರಿಗೆ ಒಯ್ಯಬೇಕು ಎಂದು ಲೆಕ್ಕ ಹಾಕಿಕೊಂಡಿದ್ದರು. ಮೈಕಲ್ಮಸ್ ದಿನ ಅವಳು ಗುಂಡಿ ಬಿಟ್ಟು ಅದನ್ನೇ ಮೊದಲು ಆರಿಸಬೇಕು ಎಂದು ಅವಳಿಂದ ಮಾತೂ ತೆಗೆದುಕೊಂಡಿದ್ದರು.

“ನನಗೆ ನಗು ಬರ್ತಿತ್ತು. ಆದ್ರೆ ಅವನು ಅಷ್ಟೊಂದು ಮಾತಾಡಿದ್ದು ಮೂವತ್ತು ವರ್ಷದಲ್ಲಿ ಅದೇ ಮೊದಲು. ಮಾತಾಡ್ಲಿ ಅಂತ ಬಿಟ್ಟೆ.”

ಆಮೇಲೆ ಎರಡು ಗುಂಡಿ ಆರಿಸಿಕೊಂಡಳು. ರೆಡಿಂಗನ್ನು ನನ್ನ ಕಡೆ ತಳ್ಳಿದಳು. ಅದು ನಿನಗೇ ಇರಲಿ, ಎಷ್ಟು ದಿನದಿಂದ ಹುಡುಕುತ್ತಿದ್ದೆ ಎಂದಳು. ಅವಳ ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಅಕ್ಟೋಬರ್ 2

ಮತ್ತೆ ಮಡಿಸಿ ಕೊಟ್ಟುಬಿಡೋಣ ಎಂದೆ. ಕ್ಲೆಮ್ ತಲೆ ಅಲ್ಲಾಡಿಸಿದ. ಆ ಗೆರೆಯ ಮೇಲೆ ಇನ್ನೊಂದು ಸಲ ಬಾಗಿದರೆ ಖಂಡಿತ ಎರಡು ಹೋಳು. ಅವನೊಬ್ಬ ಬಲ್ಲ ಅದನ್ನು.

“ಬಿಚ್ಚದೆ ಇರ್ತೀಯಾ ಅಂತ ನೀನೇ ಅಂದಿದ್ದೆ,” ಎಂದೆ.

“ನಾನು ನಿನ್ನ ಮನೇಲಿ ಬೇಕನ್ ತಿನ್ನೋವಾಗ ಏನಂದ್ರೂ ಅದಕ್ಕೆ ಬೆಲೆ ಇಲ್ಲ ಹುಡುಗಿ. ಬಿಚ್ಚಿದ್ದು ನಿನ್ನ ಕೈ.”

ನಿಜ. ಟ್ರೇ ಬೀರುವಿನಲ್ಲಿಟ್ಟೆ. ಪೂರ್ತಿಯಾದದ್ದನ್ನು ನೋಡಲು ಈಗ ಮನಸ್ಸು ಬರುವುದಿಲ್ಲ. ತಮಾಷೆ.

ಅಕ್ಟೋಬರ್ 11, ಮಂಗಳವಾರ

ಸಕ್ಕರೆ ಬೀಟ್ ಕೀಳುತ್ತಿದ್ದಾರೆ. ರೋಲಂಡ್ ಹೊಲದ ತಲೆಯಲ್ಲಿ ಒಬ್ಬರೇ ನಿಂತು, ಯಂತ್ರದ ಬಾಯಿಗೆ ಸಿಕ್ಕಿಕೊಂಡ ಕೆಸರು ಕೀಳುತ್ತಿದ್ದರು. ಹೋಗಿ ರೆಡಿಂಗನ್ನು ಕೊಟ್ಟೆ. ಪುಟ್ಟ ಡಬ್ಬಿಯಲ್ಲಿ, ಹತ್ತಿಯ ಮೇಲೆ. ಇದನ್ನೇ ತೆಗೆದುಕೊಂಡು ಹೋಗಿ, ಚಪ್ಪಟೆಯಾದರೂ ಅದೇ ಪೆನ್ನಿ ಎಂದೆ. ಕ್ಷಮಿಸಿ ಎಂದೆ. ಮೈಕಲ್ಮಸ್‌ಗೆ ಮೊದಲು ಮುಟ್ಟಬಾರದಿತ್ತು ಎಂದೆ.

ಕೆಸರು ಕೈ ಪ್ಯಾಂಟಿಗೆ ಒರೆಸಿಕೊಂಡರು. ಡಬ್ಬಿ ತೆಗೆದುಕೊಳ್ಳಲಿಲ್ಲ. ಕೋಪವಿರಲಿಲ್ಲ ಮುಖದಲ್ಲಿ. ಹೇಳುವುದೋ ಬೇಡವೋ ಎಂದು ತೂಗುತ್ತಿದ್ದ ಹಾಗಿತ್ತು.

“ನಾನು ಹರಕೆ ಗಿರಕೆ ನಂಬೋನಲ್ಲ ಹೆಸ್ಟರ್. ನಿಮಗೆ ಗೊತ್ತು.” ಬೂಟಿನಿಂದ ಒಂದು ಬೀಟ್ ಹೊರಳಿಸಿದರು. “ಯಾರೋ ಪಾಪ ಹೊರಟಿದ್ರು, ಕೈ ತಪ್ತು. ಅದನ್ನ ನಾನು ತಲುಪಿಸ್ತೀನಿ ಅಂದ್ಕೊಂಡೆ. ತಂದುಕೊಟ್ಟವನಿಗೆ ಏನಾದ್ರೂ ಕೂಲಿ ಅಂತ ಇರುತ್ತಲ್ಲ. ಕೂಲಿ ಕೇಳೋದಕ್ಕೆ ನಂಬಿಕೆ ಬೇಕಾಗಿಲ್ಲ.”

ಈಗಲೂ ಕೇಳಬಹುದಲ್ಲ ಎಂದೆ.

“ಬಿಚ್ಚಿದ ಲಕೋಟೆ ತಗೊಂಡು ಹೋಗಿ ಕೂಲಿ ಕೇಳ್ಲಾ?”

ಯಂತ್ರ ಮತ್ತೆ ಶುರು ಮಾಡಿದರು. ಡಬ್ಬಿ ಹಿಡಿದುಕೊಂಡು ಬಂದೆ. ದಾರಿಯಲ್ಲಿ ಬೀಟಿನ ಲಾರಿಗಳು ಕೆಸರು ಹಾರಿಸಿದವು. ಹಾರಿಸಲಿ.

ಅಕ್ಟೋಬರ್ 16

ಬೆಳಿಗ್ಗೆ ಪಾತ್ರೆ ತೊಳೆಯುತ್ತಿದ್ದಾಗ ಹೊಳೆಯಿತು. ಎಷ್ಟು ಸರಳ. ಆ ಪೆನ್ನಿಯನ್ನು ಮಡಿಸಿದವರು ಬೇರೆಯವರ ಹರಕೆಗೆ ಕಾದು ಕೂತಿದ್ದರೇ? ತಮ್ಮ ಜೇಬಿನದನ್ನು ತೆಗೆದರು, ಬಾಗಿಸಿದರು.

ಮತ್ತೆ ನನ್ನ ಟ್ರೇ ನೆನಪಾಯಿತು. ಬಾಗಿಸುವುದು ಎಂದರೆ... ನಲವತ್ತು ವರ್ಷದಿಂದ ಅಂಚು ಹಿಡಿದು ಎತ್ತಿದವಳು ನಾನು, ಬೆರಳಿನ ಎಣ್ಣೆ ತಾಗಬಾರದೆಂದು.

ಅಕ್ಟೋಬರ್ 30, ಭಾನುವಾರ

ಎರಡು ವಾರ ಥರ್ಜಾಳನ್ನು ನೋಡಲು ಬಿಡಲಿಲ್ಲ, ಜ್ವರ. ಇವತ್ತು ಬಾ ಎಂದು ಅವಳೇ ಫೋನು ಮಾಡಿದಳು. ಟ್ರೇ ತೆಗೆದುಕೊಂಡು ಹೋದೆ. ರೋಲಂಡ್ ಹೊಲದಲ್ಲಿದ್ದರು. ನನ್ನ ಯೋಚನೆ ಹೇಳಿದೆ. ಅವಳಿಗೆ ನಗಲು ಶಕ್ತಿಯಿರಲಿಲ್ಲ, ಆದರೂ ನಕ್ಕಳು.

“ನೀನು ಬಾಗಿಸ್ತೀಯಾ? ಟ್ರೇ ಮೇಲೆ ನಾನು ಉಸಿರು ಬಿಟ್ರೆ ಬೈತಿದ್ದವಳು.”

ನಿನಗೆ ಬೇಕಾದ್ದು ಆರಿಸು ಎಂದೆ. ಹೇಳುತ್ತಲೇ ಲಂಡನ್ನಿನ ಎರಡು ಸವೆದ ಪೆನ್ನಿಗಳನ್ನು ಅವಳ ಕಡೆಗೆ ಸ್ವಲ್ಪ ತಳ್ಳಿದೆ. ಅವಳು ನೋಡಿದಳು. ಜೀವನವಿಡೀ ಹಂದಿ ಸಾಕಿದವಳ ಕಣ್ಣು. ಯಾವುದು ಮಾರಲು ಬಂದದ್ದು, ಯಾವುದು ಮನೆಗೆ ಇಟ್ಟುಕೊಳ್ಳುವುದು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಟ್ರೇಯ ಮಧ್ಯಕ್ಕೆ ಬೆರಳಿಟ್ಟಳು.

“ಇದು ಯಾವ ಊರಿಂದು?”

ಬೆರಿಯದು ಎಂದೆ. ಎಡ್ಮಂಡ್ ಸಂತನ ಮಠದ ಸ್ವಂತ ಟಂಕಸಾಲೆ. ಹೊಡೆದವನ ಹೆಸರೂ ಇದೆ — ಹ್ಯಾಡ್ಲಿಯ ರಾಬರ್ಟ್. ಬೆರಿ ಪೆನ್ನಿಗಳು ಬೇಕಾದಷ್ಟಿವೆ. ಆದರೆ ಇಂಥದ್ದಲ್ಲ. ನಿನ್ನೆ ತಾನೇ ಸುತ್ತಿಗೆ ಎತ್ತಿದ ಹಾಗೆ, ರಾಜನ ಕೂದಲಿನ ಎಳೆ ಎಳೆಯೂ ಕಾಣುತ್ತದೆ. ಇದಕ್ಕಾಗಿ ಇಬ್ಬರು ನನ್ನ ಮನೆಗೆ ಬಂದು ಕೇಳಿ ಹೋಗಿದ್ದಾರೆ.

“ಅಲ್ಲಿಂದ ಬಂದಿದ್ದು ಅಲ್ಲಿಗೆ ಹೋಗ್ಲಿ. ನನ್ನಮ್ಮ ಹ್ಯಾಡ್ಲಿಯವಳು. ಗುರುತಿನವನ ಕೈಯಲ್ಲಿ ಕಳಿಸ್ದಂಗಾಯ್ತು.”

ಅದು ಬಿರುಸು ಬೆಳ್ಳಿ, ಮುರಿಯಬಹುದು ಎಂದೆ. ಸುಳ್ಳು. ಅವಳು ಬೆರಳು ತೆಗೆಯಲಿಲ್ಲ.

“ಹೆಸ್. ನಿನಗೆ ಕಷ್ಟ ಆಗ್ದೇ ಇರೋದನ್ನ ಕೊಟ್ರೆ ಸಂತ ನಂಬ್ತಾನಾ?”

ಅವಳೂ ನಂಬುವವಳೇನಲ್ಲ. ಚರ್ಚಿಗೆ ಹೋಗುವುದು ಹೂವಿಗಾಗಿ.

ಸರಿ ಎಂದೆ.

ನವೆಂಬರ್ 12

ಥರ್ಜಾಳ ತೂಕ ಇಳಿದಿದೆ. ಆಪರೇಷನ್ ಆಗುತ್ತದೋ ಇಲ್ಲವೋ ಎಂದು ಡಾಕ್ಟರು ಎರಡು ಮಾತಾಡುತ್ತಿದ್ದಾರೆ. ನಾನು ಸೂಪ್ ಒಯ್ಯುತ್ತೇನೆ. ಕೇಕ್ ಅಲ್ಲ. ರೋಲಂಡ್ ಬಾಗಿಲಲ್ಲಿ ಪಾತ್ರೆ ತೆಗೆದುಕೊಂಡು, ಹಿಂದಿನ ದಿನದ ಪಾತ್ರೆ ಕೊಡುತ್ತಾರೆ. ತೊಳೆದು, ಒಳಗೆ ಎರಡು ಮೊಟ್ಟೆ ಇಟ್ಟು.

ನವೆಂಬರ್ 19, ಶನಿವಾರ. ಸಂಜೆ

ಆಯಿತು.

ನಾಲ್ಕೂ ಜನ ಅಡಿಗೆಮನೆಯಲ್ಲಿ. ಥರ್ಜಾ ಒಲೆಯ ಪಕ್ಕದಲ್ಲಿ. ಕ್ಲೆಮ್ ಪೆನ್ನಿ ಕಾಯಿಸಿದ — ಕೆಂಪಗಾಗುವ ಹೊತ್ತಿಗೆ ತೆಗೆದು ನೀರಿಗೆ. ಬೆಳ್ಳಿ ಮೆತ್ತಗಾಯಿತು. ಮಿಂಚು ಹೋಯಿತು, ಬೂದಿ ಬಣ್ಣ ಬಂತು. ಆ ಕ್ಷಣಕ್ಕೆ ಸಂಗ್ರಾಹಕರ ಪಾಲಿಗೆ ಅದು ಸತ್ತ ಹಾಗೆಯೇ. ಕ್ಲೆಮ್ ನನ್ನ ಮುಖ ನೋಡಲಿಲ್ಲ. ನಾನೂ ಅವನ ಮುಖ ನೋಡಲಿಲ್ಲ.

ತಲೆಯ ಮೇಲೆ ಹಿಡಿಯಬೇಕಲ್ಲ. ಥರ್ಜಾ ಟೋಪಿ ತೆಗೆದಳು.

“ಬಿಸಿ ಇದ್ರೆ ಹೇಳಿ. ಕಾಪಾಡೋಕೆ ಒಂದು ಕೂದಲೂ ಇಲ್ಲ.”

ರೋಲಂಡ್ ಅವರ ಬೆರಳುಗಳು ಪೆನ್ನಿಗೆ ದೊಡ್ಡವು. ನಾನು ಅಂಚು ಹಿಡಿದೆ, ಅವರು ನನ್ನ ಹೆಬ್ಬೆರಳ ಮೇಲೆ ತಮ್ಮ ಹೆಬ್ಬೆರಳಿಟ್ಟರು. ಎಡ್ಮಂಡ್ ಎಂದು ಹೆಸರು ಹೇಳಬೇಕಿತ್ತು. ರೋಲಂಡ್ ಕೆಮ್ಮಿದರು. ಆಮೇಲೆ, ಹಸುವಿನ ವ್ಯಾಪಾರಕ್ಕೆ ನಿಂತವರ ಹಾಗೆ, ಸಂತನ ಹೆಸರು, ಹೆಂಡತಿಯ ಪೂರ್ತಿ ಹೆಸರು, ಊರು, ಹೊಲ ಎಲ್ಲ ಹೇಳಿದರು, ವಿಳಾಸ ತಪ್ಪಬಾರದೆಂದು. ಒತ್ತಿದೆವು. ಸದ್ದಾಗಲಿಲ್ಲ. ಒದ್ದೆ ಕಾಗದದ ಹಾಗೆ ಮಡಿಸಿಕೊಂಡಿತು. ಅಂಚಿಗೆ ಅಂಚು.

ಥರ್ಜಾ ಟೋಪಿ ಹಾಕಿಕೊಂಡು ಚಹಾ ಬೇಕು ಎಂದಳು.

ನಾಳೆ ಸಂತನ ಹಬ್ಬ. ಬೆರಿಯಲ್ಲಿ ಈಗ ಸಮಾಧಿಯೂ ಇಲ್ಲ, ಮಠವೂ ಇಲ್ಲ. ಮುರಿದ ಕಲ್ಲುಗೋಡೆ, ಹೂದೋಟ. ಸಂತ ಟೆನಿಸ್ ಅಂಗಳದ ಕೆಳಗಿದ್ದಾನೆ ಎನ್ನುವವರಿದ್ದಾರೆ. ಕಲ್ಲಿನ ಸಂದಿ ಯಾವುದಾದರೂ ಸಿಗುತ್ತದೆ ಎಂದೆ. ನೀವೆಲ್ಲ ವಾಪಸು ಹೊರಟ ಮೇಲೆ ತಾನು ಡಿಟೆಕ್ಟರ್ ತರುವುದಾಗಿ ಕ್ಲೆಮ್ ಹೇಳಿದ. ಥರ್ಜಾ ಅವನಿಗೆ ಚಮಚ ಎಸೆದಳು.

ಹೊರಡುವಾಗ ರೋಲಂಡ್ ಗೇಟಿನವರೆಗೆ ಬಂದರು. ಗೇಟಿನ ಚಿಲಕ ಹಿಡಿದುಕೊಂಡು ನಿಂತರು, ತೆಗೆಯಲಿಲ್ಲ.

“ಆ ಮೊದಲಿನ ಪೆನ್ನಿ. ಅದು ನಿಮ್ಮದೇ, ಥರ್ಜಾ ಕೊಟ್ಟಾಯ್ತು. ನಾನು ಕೇಳೋ ಹಾಗಿಲ್ಲ.”

ಕೇಳಿ ಎಂದೆ.

“ಬಿಚ್ಚಿದ್ದೋ ಮುಚ್ಚಿದ್ದೋ ಅಂತ ಅವತ್ತು ಮಾತಾಡ್ದೆ. ಕೂಲಿ ಕೇಳೋದಾದ್ರೆ ಅದು ಸರಿ. ಈಗ ನಮ್ಮದೇ ಇದೆ, ಕೂಲಿ ಬೇಡ. ಆದ್ರೆ ಅವರು ನಮಗಿಂತ ಮುಂಚೆ ಹೊರಟೋರು. ಅವರನ್ನ ದಾರೀಲೇ ಬಿಟ್ಟು ನಾವು ಹೋಗಿ ಮುಂದೆ ನಿಲ್ಲೋದು...” ಚಿಲಕ ತೆಗೆದರು. “ಸರದಿ ಮುರಿದಂಗಾಗುತ್ತೆ.”

ಬಸ್ಸಿಗಾಗಲಿ, ಬ್ರೆಡ್ಡಿಗಾಗಲಿ, ನಮ್ಮವರು ಯಾರೂ ಮುರಿಯುವುದಿಲ್ಲ. ಹೌದು ಎನ್ನಲಿಲ್ಲ ನಾನು. ಯೋಚಿಸುತ್ತೇನೆ ಎಂದೆ. ಅವರು ಟೋಪಿ ಮುಟ್ಟಿ ಒಳಗೆ ಹೋದರು.

ನವೆಂಬರ್ 20, ಭಾನುವಾರ. ಬೆಳಿಗ್ಗೆ 8.30

ಮಂಜು ಬಿದ್ದಿದೆ. ನೀರು ಹೆಪ್ಪುಗಟ್ಟಿದೆ ಬಕೆಟ್ಟಿನಲ್ಲಿ. ಒಂಬತ್ತಕ್ಕೆ ಬರುತ್ತೇವೆ ಎಂದಿದ್ದಾರೆ. ಥರ್ಜಾ ಕೂಡ ಬರುತ್ತಾಳಂತೆ, ಕಾರಿನಲ್ಲಿ ಕಂಬಳಿ ಹೊದ್ದು. ನಾಳೆ ಬೆಳಿಗ್ಗೆ ಆರಕ್ಕೆ ಆಸ್ಪತ್ರೆ. ಆಪರೇಷನ್ ಮಾಡುವುದೆಂದು ನಿನ್ನೆ ಗಟ್ಟಿಯಾಗಿದೆ.

ಟ್ರೇ ಮುಂದಿದೆ. ಮಧ್ಯದಲ್ಲಿ ಒಂದು ಗೂಡು ಖಾಲಿ. ಬೆರಿಯದು ಇನ್ನೊಂದು ಕೊಳ್ಳಬಹುದು, ಅಷ್ಟು ಚಂದದ್ದು ಅಲ್ಲದಿದ್ದರೂ. ರೆಡಿಂಗ್ ಇನ್ನೊಂದು ಈ ಜನ್ಮದಲ್ಲಿಲ್ಲ. ಕ್ಲೆಮ್‌ನನ್ನು ಕೇಳಿದೆ ಫೋನಿನಲ್ಲಿ. ಇದನ್ನು ಕೇಳಬೇಡ, ನನ್ನ ಬಾಯಲ್ಲಿ ಬೇಕನ್ ಇದೆ ಎಂದ.

ಭೂತಗನ್ನಡಿಯಲ್ಲಿ ಕೊನೆಯ ಸಲ ನೋಡೋಣ ಎಂದು ತೆಗೆದೆ. ಊರಿನ ಹೆಸರು ಓದಲು ಹೋದ ಕಣ್ಣು ಆ ಗೆರೆಯ ಮೇಲೇ ನಿಲ್ಲುತ್ತದೆ. ಯಾರೋ ಹೆಬ್ಬೆರಳು ಒತ್ತಿದ ಗೆರೆ. ಎಷ್ಟು ಒತ್ತಬೇಕು ಎಂದು ನಿನ್ನೆಯಿಂದ ನನಗೂ ಗೊತ್ತು.

ಯಾರ ತಲೆಯ ಮೇಲೆ ಹಿಡಿದರೋ. ಉಳಿದರೋ, ಇಲ್ಲವೋ.

ಹಾರ್ನ್. ಇನ್ನೂ ಒಂಬತ್ತಾಗಿಲ್ಲ. ರೋಲಂಡ್ ಟೈ ಕಟ್ಟಿಕೊಂಡಿದ್ದಾರೆ. ಹಿಂದಿನ ಸೀಟಿನಲ್ಲಿ ಉಣ್ಣೆಯ ಟೋಪಿ ಕಾಣುತ್ತಿದೆ, ಕೈ ಬೀಸುತ್ತಿದ್ದಾಳೆ. ರೆಡಿಂಗನ್ನು ಕೋಟಿನ ಜೇಬಿನಲ್ಲಿ ಹಾಕಿಕೊಂಡೆ. ಎರಡು ಸಲ ಮುಟ್ಟಿ ನೋಡಿದೆ. ಬಲಗಡೆಯ ಜೇಬು ತೂತಾಗಿದೆ, ಎಡಗಡೆಗೆ ಹಾಕಬೇಕು, ಇಲ್ಲದಿದ್ದರೆ ಮತ್ತೆ ಹಳ್ಳದ ಹತ್ತಿರ...